ಪರದೆಯ ಅಂಚಿನಲ್ಲಿದ್ದ ಅಕ್ಕ

ನನ್ನ ಗೆಳೆಯ ದರ್ಜಿ. ಹೋದ ತಿಂಗಳು ತೀರಿಕೊಂಡ. ಮೂವತ್ತು ವರ್ಷ ಸಂಜೆಯ ಚಹಾ ಅವನ ಅಂಗಡಿಯಲ್ಲೇ ಕುಡಿದವನು ನಾನು. ಈಗಲೂ ಐದು ಗಂಟೆಯಾದರೆ ಕಾಲು ಅತ್ತಲೇ ಹೊರಡುತ್ತದೆ. ಬಾಗಿಲಿನ ಬೀಗ ನೋಡಿ ಹಿಂತಿರುಗುತ್ತೇನೆ.

ಅವನಿಗೆ ಹಳೆಯ ಚುನಾವಣಾ ಬಿಲ್ಲೆಗಳ ಹುಚ್ಚು. ಪ್ರಚಾರದಲ್ಲಿ ಎದೆಗೆ ಚುಚ್ಚಿಕೊಳ್ಳಲು ಹಂಚುತ್ತಿದ್ದ ತಗಡಿನವು, ಹಿತ್ತಾಳೆಯವು. ರಿಪೇರಿಗೆ ಬಂದ ಕೋಟುಗಳಲ್ಲಿ ಸಿಕ್ಕಿದ್ದನ್ನು ಮಾಲೀಕರನ್ನು ಕೇಳಿ ಇಟ್ಟುಕೊಳ್ಳುತ್ತಿದ್ದ. ಅದೂ ಸೋತವರದ್ದು ಮಾತ್ರ. ಗೆದ್ದವರ ಹೆಸರನ್ನು ರಸ್ತೆಗೇ ಇಡುತ್ತಾರೆ, ಸೋತವರಿಗೆ ನನ್ನ ಪೆಟ್ಟಿಗೆಯಾದರೂ ಇರಲಿ ಅನ್ನುತ್ತಿದ್ದ. ಪೆಟ್ಟಿಗೆಯೊಳಗೆ, ಕೋಟಿನ ಒಳಪದರಕ್ಕೆ ಹಾಕುವ ಅಸ್ತರ್ ಬಟ್ಟೆಯ ಪುಟ್ಟ ಪುಟ್ಟ ಜೇಬು ಹೊಲಿದಿದ್ದ. ಒಂದು ಜೇಬು ಮಾತ್ರ ಖಾಲಿ. ಅದು ಅವನ ಅಕ್ಕನದು.

ಅಕ್ಕ ಶಾಲೆಯಲ್ಲಿ ಟೀಚರಾಗಿದ್ದವರು. ಒಮ್ಮೆ ಪುರಸಭೆಗೆ ನಿಂತು ನಲವತ್ತೊಂದು ಓಟು ಪಡೆದರು. ಮನೆಯವರೇ ಒಂಬತ್ತು ಜನ, ಉಳಿದ ಮೂವತ್ತೆರಡು ಕೈತಪ್ಪಿ ಬಿದ್ದದ್ದಿರಬೇಕು ಎಂದು ತಾವೇ ನಗುತ್ತಿದ್ದರು. ಮಿಕ್ಕ ಬಿಲ್ಲೆಗಳ ಚೀಲವನ್ನು ಎಸೆದು ಬಾ ಎಂದು ಆಗಿನ್ನೂ ಹೊಲಿಗೆ ಕಲಿಯುತ್ತಿದ್ದ ತಮ್ಮನ ಕೈಗೆ ಕೊಟ್ಟಿದ್ದರು. ಅದನ್ನು ಏನು ಮಾಡಿದೆ ಎಂಬುದು ಅವನಿಗೆ ನೆನಪೇ ಇರಲಿಲ್ಲ.

"ಊರಲ್ಲಿ ಸೋತವರಿಗೆಲ್ಲ ಜಾಗ ಕೊಟ್ಟಿದ್ದೀಯ. ನಿನ್ನ ಪೆಟ್ಟಿಗೆ ಸೇರೋದ್ರಲ್ಲೂ ನಾನು ಸೋತೆ ಬಿಡೋ" ಎಂದು ಅಕ್ಕ ಚುಚ್ಚಿದಾಗ ಎಲ್ಲರೂ ನಗುತ್ತಿದ್ದೆವು. ಅವನು ಮಾತ್ರ ಮಷೀನಿನ ಮೇಲೆ ತಲೆ ತಗ್ಗಿಸುತ್ತಿದ್ದ.

ಹೋದ ವರ್ಷ ಪುರಭವನದ ವೇದಿಕೆಯ ಪರದೆ ಅಂಚು ಬಿಚ್ಚಿಕೊಂಡು ಅವನ ಅಂಗಡಿಗೆ ಬಂತು. ಪರದೆ ಗಾಳಿಗೆ ಹಾರದಂತೆ ಅಂಚಿನೊಳಗೆ ಭಾರ ಇಟ್ಟು ಹೊಲಿಯುವುದು ವಾಡಿಕೆ. ಅಂಚನ್ನು ಒತ್ತಿ ನೋಡುತ್ತಿದ್ದ ಅವನ ಬೆರಳು ನಿಂತಿತು. ನಲವತ್ತು ವರ್ಷದ ಹಿಂದೆ ಅದನ್ನು ಹೊಲಿದವನೂ ಅವನೇ! ಬಲಮೂಲೆಯಲ್ಲಿ ಗೇಣುದ್ದ ಬಿಚ್ಚಿದ. ಎಸೆದು ಬಾ ಎಂದು ಕೊಟ್ಟಿದ್ದ ಬಿಲ್ಲೆಗಳನ್ನೇ ಅಂದು ಭಾರಕ್ಕೆ ಇಟ್ಟಿದ್ದ. ಅಕ್ಕನ ಚುನಾವಣಾ ಚಿಹ್ನೆಯಾದ ಕೊಡೆ, ಅಕ್ಕನ ಹೆಸರು, ಹಸಿರುಗಟ್ಟಿದ ಹಿತ್ತಾಳೆ.

ಅಕ್ಕ ಬಂದು ಕನ್ನಡಕ ಏರಿಸಿಕೊಂಡರು. "ಇಷ್ಟು ವರ್ಷ ನನ್ನನ್ನ ಅಲ್ಲಿ ನೇತುಹಾಕಿದ್ದೀಯೇನೋ?"

"ಎಷ್ಟು ಮಂತ್ರಿಗಳು ಬಂದು ಭಾಷಣ ಮಾಡಿ ಹೋದ್ರು ನೋಡಕ್ಕ. ನೀನು ಒಂದು ಸಲಾನೂ ಅಲ್ಲಾಡಿಲ್ಲ."

ಒಂದನ್ನಷ್ಟೇ ತೆಗೆದುಕೋ, ಉಳಿದದ್ದು ಅಲ್ಲೇ ಇರಲಿ ಅಂದರು ಅಕ್ಕ. ತೆಗೆದದ್ದರ ಜಾಗಕ್ಕೆ, ಸೂಜಿ ಚುಚ್ಚದಂತೆ ಬೆರಳಿಗೆ ಹಾಕುತ್ತಿದ್ದ ತನ್ನ ಹಿತ್ತಾಳೆಯ ಟೋಪಿಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ ಇಟ್ಟು ಹೊಲಿದ. ಖಾಲಿ ಜೇಬು ತುಂಬಿತು. ಆ ಸಂಜೆ ನಾವು ಎರಡೆರಡು ಸಲ ಚಹಾ ಕುಡಿದೆವು.

ದರ್ಜಿಗಳ ಸಂಘ ಅವನ ಸಂತಾಪ ಸಭೆಯನ್ನು ಅದೇ ಪುರಭವನದಲ್ಲಿ ನಡೆಸಿತು. ಕಿಟಕಿಗಳೆಲ್ಲ ತೆರೆದಿದ್ದವು, ಒಳ್ಳೆಯ ಗಾಳಿ. ಪರದೆ ಮಾತ್ರ ಅಲ್ಲಾಡಲಿಲ್ಲ. ಭಾಷಣದ ನಡುವೆ ಅಕ್ಕ ನನ್ನ ಕಡೆ ಬಾಗಿ, "ಪರದೆಯ ಬಲಗಡೆ ಮೂಲೆ ನೋಡು, ಅವನ ಹೊಲಿಗೆ ಸ್ವಲ್ಪ ಸೊಟ್ಟ" ಅಂದರು.

ನೋಡಿದೆ. ನೆಟ್ಟಗೇ ಇತ್ತು. ಹೌದಕ್ಕ, ಅಂದೆ.