ಬೀರಪ್ಪನ ಕಂಬಳಿ ಹೊದ್ದು ನಡೆದದ್ದು

ಮೂರು ವರ್ಷದ ಹಿಂದೆ ನಾನು ಶಿಕಾರಿಪುರದ ಒಂದು ಚಿಕ್ಕ ಪುನಶ್ಚೇತನ ಕೇಂದ್ರದಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಆಗ ಅಲ್ಲಿಗೊಂದು ವರ್ಚುವಲ್ ರಿಯಾಲಿಟಿ ಯಂತ್ರ ಬಂತು. ಕಣ್ಣಿಗೆ ಕಟ್ಟುವ ಹೆಡ್‌ಸೆಟ್‌ನಲ್ಲಿ ದಾರಿ ಕಾಣುತ್ತದೆ. ಬಗ್ಗಿ ನೋಡಿದರೆ ಹೆಜ್ಜೆ ಹಾಕುವ ಕಾಲುಗಳು. ಪ್ರತಿ ಹೆಜ್ಜೆಗೂ ಮುಂಗೈಗೆ ಕಟ್ಟಿದ ಪುಟ್ಟ ಮೋಟಾರು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಕಂಪಿಸುತ್ತದೆ. ಕೂತವನಿಗೆ ತಾನೇ ನಡೆಯುತ್ತಿದ್ದೇನೆ ಅನ್ನಿಸುತ್ತದೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಸ್ಪರ್ಶವಿಲ್ಲದ ಕಾಲಲ್ಲೂ ಉರಿ ಇರುತ್ತದೆ. ಕೆಲವರಲ್ಲಿ ಈ ಭ್ರಮೆ ಆ ಉರಿಯನ್ನು ತಗ್ಗಿಸುತ್ತದೆ. ಕಾಲನ್ನು ವಾಪಸ್ ಕೊಡುವುದಿಲ್ಲ. ಇದನ್ನು ಎಲ್ಲರಿಗೂ ಮೊದಲೇ ಹೇಳುತ್ತಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಬೀರಪ್ಪನೂ ಅಷ್ಟೇ. ಆನವಟ್ಟಿ ಕಡೆಯ ಕುರಿಗಾರ. ಕುರಿಗೆ ಸೊಪ್ಪು ಕಡಿಯಲು ಮರ ಹತ್ತಿ ಬಿದ್ದು, ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ; ಕಾಲಲ್ಲಿ ಉರಿ ಮಾತ್ರ ಉಳಿದಿತ್ತು. ಹೆಂಡತಿ ಹನುಮವ್ವ ಹಗಲೆಲ್ಲ ಕುರಿ ಕಾದು, ಮನೆಗೆ ಬಂದು ಇವನನ್ನೂ ಎತ್ತಿ ಇಳಿಸಿ ಸೋತಿದ್ದಳು. ಕುರಿ ಮಾರೋಣ ಎಂದರೆ ಸಾಕು, "ನಾಳೆ ನಾನು ಎದ್ರೆ ಏನ್ ಕಾಯ್ಲಿ, ನಿನ್ನ ತಲೆನಾ?" ಎಂದು ರೇಗುತ್ತಿದ್ದ.

ಯಂತ್ರದ ಜೊತೆ ಬಂದಿದ್ದದ್ದು ಯಾವುದೋ ವಿದೇಶದ ಉದ್ಯಾನದ ದಾರಿ. ಬೀರಪ್ಪ ಸ್ವಲ್ಪ ಹೊತ್ತು ನೋಡಿ ನಕ್ಕುಬಿಟ್ಟ. "ಮುಂದೆ ಕುರಿ ಇಲ್ದೆ ಹಿಂಗೆ ಬರೇ ನಡಿಯಾಕೆ ನಾನೇನ್ ಕೆಲ್ಸ ಇಲ್ದೋನೇನ್ರೀ ಮೇಡಂ?"

ಮಾತು ಸರಿ ಅನ್ನಿಸಿತು. ಅವನ ಕುರಿಗಳ ಹಿಂದೆಯೇ ನಡೆದು ಚಿತ್ರೀಕರಿಸೋಣ, ಆಮೇಲೆ ಕಾಲು, ಕಂಪನ ಜೋಡಿಸೋಣ ಎಂದುಕೊಂಡೆ. ಬೀರಪ್ಪ ಹುರುಪಾದ. ತನ್ನ ಕಂಬಳಿ ತರಿಸಿಕೊಟ್ಟ. "ಇದನ್ನ ಹೊದ್ಕೊಳ್ರಿ. ಕುರಿ ಮುಖ ನೋಡಲ್ಲ, ವಾಸ್ನೆ ನೋಡ್ತಾವೆ. ನಾನೇ ಬಂದೆ ಅನ್ಕಂತಾವೆ."

ಅವರೂರ ಕೆರೆಯಂಚಿನ ಹುಲ್ಲುಗಾವಲಿನಲ್ಲಿ ಆ ಕಂಬಳಿ ಹೊದ್ದು, ತಲೆಗೆ ಕ್ಯಾಮೆರಾ ಕಟ್ಟಿಕೊಂಡು ನಡೆದೆ. ಬಿಸಿಲಿಗೆ ಬೇಯುತ್ತಿದ್ದರೂ ನನ್ನ ಬಗ್ಗೆ ನನಗೇ ಹೆಮ್ಮೆ.

ಮುಂದಿನ ವಾರ ಹೆಡ್‌ಸೆಟ್ ಕಟ್ಟಿದೆವು. ಬೀರಪ್ಪ ಮೊದಲು ಉಸಿರು ಬಿಗಿಹಿಡಿದ. ಆಮೇಲೆ, "ಕಾಲು ಬಂದ್ವು ರೀ! ಹನುಮೀ, ನಡೀತಿದೀನಿ ಕಣೇ!" ಎಂದು ಕೂಗಿದ. ಹನುಮವ್ವ ಸೆರಗು ಬಾಯಿಗಿಟ್ಟುಕೊಂಡಳು.

ಸ್ವಲ್ಪ ಹೊತ್ತಿಗೆ ಅವನು ಕತ್ತು ಮುಂದೆ ಚಾಚಿದ. ಹೆಡ್‌ಸೆಟ್‌ನೊಳಗೆ ಕುರಿಗಳು ಒಂದೊಂದಾಗಿ ಹಿಂದಿರುಗಿ ನೋಡುತ್ತಿದ್ದವು. ಅವನು ಮುಂದೆ ನಡೆದಷ್ಟೂ ಬೆದರಿ ಚದುರುತ್ತಿದ್ದವು. ಚಿತ್ರೀಕರಿಸುವಾಗ ಅದು ನನಗೆ ದೊಡ್ಡದೆನಿಸಿರಲಿಲ್ಲ.

"ಕಂಬ್ಳಿ ಹೊದ್ದಿದ್ರೇನ್ರೀ?"

"ಹೊದ್ದಿದ್ದೆ ಬೀರಪ್ಪ. ತಲೆ ಮೇಲಿನ ಕ್ಯಾಮೆರಾ ಕಂಡು ಬೆದರಿದವು."

"ಅಲ್ರೀ. ನನ್ನ ಮರ್ತಾವೆ."

ಹೆಡ್‌ಸೆಟ್ ತಾನೇ ತೆಗೆದ. "ಮಾರಿಬಿಡೇ ಅವನ್ನ," ಎಂದ. ಇಷ್ಟು ದಿನ ಅದೇ ಮಾತಿಗೆ ಕಾದಿದ್ದ ಹನುಮವ್ವ, "ಬ್ಯಾಡ, ಹೆಂಗೋ ನಾನೇ ಕಾಯ್ತೀನಿ" ಎಂದು ಅತ್ತಳು. ಅವನು ಕೇಳಲಿಲ್ಲ. ಆನವಟ್ಟಿಯ ವ್ಯಾಪಾರಿ ಬಂದು ಮಂದೆಯನ್ನು ಹೊಡೆದುಕೊಂಡು ಹೋದ.

ಹೆಡ್‌ಸೆಟ್ ಕಟ್ಟಿದ ಆ ದಿನ ಅವನ ಕಾಲಿನ ಉರಿ ನಿಜಕ್ಕೂ ಕಡಿಮೆಯಾಗಿತ್ತು. ಯಂತ್ರ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು.

ಉರಿ ಮರಳಿದಾಗ ಬೀರಪ್ಪ ಮತ್ತೆ ಬಂದ. ಯಾವ ದಾರಿ ಹಾಕಲಿ ಎಂದು ಕೇಳಿದೆ.

"ಆ ಫಾರಿನ್ ದಾರೀನೇ ಹಾಕ್ರಿ ಮೇಡಂ. ಅಲ್ಲಿ ನನ್ನ ಗುರ್ತು ಇರೋರು ಯಾರೂ ಇಲ್ಲ."

ಹಾಕಿದೆ. ಅಂದಿನಿಂದ ಯಾವ ರೋಗಿಗೂ ಅವರೂರ ದಾರಿಯನ್ನು ನಾನಾಗಿ ತೋರಿಸಲು ಹೋಗಿಲ್ಲ.