ಎಡಗೈ ಆಟಗಾರನ ಕಾರ್ಡು

ವಾಸಣ್ಣ, ನೀವು ವರ್ಷಗಟ್ಟಲೆ ಹುಡುಕಿದ ಆ ಎಡಗೈ ಆಟಗಾರನ ಕಾರ್ಡು ನನ್ನ ಹತ್ತಿರವೇ ಇತ್ತು. ಈಗಲೂ ಇದೆ. ಸಿಕ್ಕಿಲ್ಲ ಎಂದು ನಾನು ಹೇಳಿದ್ದು ಸುಳ್ಳು — ಒಂದು ಸಲವಲ್ಲ, ಪ್ರತಿ ಭಾನುವಾರವೂ.

ಕಾರಿನ ಡಿಕ್ಕಿಯಲ್ಲಿ ಹಳೇ ಸಾಮಾನಿಟ್ಟು ಮಾರುವ ಹೇಸ್‌ನ ಕಾರ್ ಬೂಟ್ ಸೇಲ್‌ನಲ್ಲಿ ನಾವಿಬ್ಬರೂ ಸೇರಿ ಕೊಂಡು ಹಂಚಿಕೊಂಡ ಬಿಸ್ಕತ್ತಿನ ಡಬ್ಬ ನೆನಪಿರಬೇಕು. ಅದರ ತುಂಬ ಹಳೇ ಬೇಸ್‌ಬಾಲ್ ಕಾರ್ಡುಗಳು. ಅಮೆರಿಕದ ಯಾವುದೋ ಪತ್ರಿಕೆ ಲಾಟರಿಗೆಂದು ಓದುಗರಿಗೆ ಹಂಚಿದ್ದಂಥವು. ಮೇಲೆ ಆಟಗಾರನ ಮುಖ, ಕೆಳಗೆ ನಂಬರಿನ ಚೀಟಿ. ಬಹುಮಾನದ ಆಸೆಗೆ ಜನ ಚೀಟಿ ಹರಿದು ಕಳಿಸಿಬಿಡುತ್ತಿದ್ದರು. ಹಾಗಾಗಿ ಚೀಟಿ ಉಳಿದ ಕಾರ್ಡೇ ಅಪರೂಪ. ಆ ಆಟವನ್ನು ನಾವು ಒಂದು ದಿನವೂ ನೋಡಿದವರಲ್ಲ, ಆದರೂ ಏನು ಹುಚ್ಚಪ್ಪಾ ಅದು!

ನಿಮ್ಮ ಆಲ್ಬಮ್ಮಿನಲ್ಲಿ ಇಡೀ ತಂಡ ಸೇರಿತ್ತು, ಅವನೊಬ್ಬನನ್ನು ಬಿಟ್ಟು. ವೆಂಬ್ಲಿಯಿಂದ ಬಸ್ಸು ಬದಲಿಸಿ ಫೆಲ್ಥಮ್‌ನ ನನ್ನ ಮನೆಗೆ ಬಂದವರು ಕೋಟು ಬಿಚ್ಚುವ ಮೊದಲೇ ಕೇಳುತ್ತಿದ್ದಿರಿ: “ಸಿಕ್ಕಿದ್ನೇನಯ್ಯಾ ನಮ್ಮ ಎಡಚ? ಒಂದ್ಸಲ ಅವನ ಮುಖ ನೋಡ್ಬಿಡ್ಬೇಕು ಕಣೋ.”

ಸಿಕ್ಕಿದ್ದ. ನನ್ನ ಪಾಲಿನಲ್ಲಿ ಎರಡು ಕಾರ್ಡು ಅಂಟಿಕೊಂಡಿದ್ದವು. ಬಿಡಿಸಿದರೆ ಹಿಂದೆ ಅವನು, ಚೀಟಿ ಸಮೇತ. ನಿಮಗೆ ಹೇಳೋಣವೆಂದು ಫೋನ್ ಎತ್ತಿಕೊಂಡೆ — ಆಮೇಲೆ ಕೆಳಗಿಟ್ಟೆ. ನನ್ನ ಹೆಂಡತಿ ಸರಳಾ ತೀರಿಕೊಂಡ ವರ್ಷ ಅದು. ಆ ಮನೆಗೆ ಬರುತ್ತಿದ್ದವರು ನೀವೊಬ್ಬರೇ. ತಂಡ ಪೂರ್ತಿಯಾದ ಮೇಲೆ ಇನ್ನೇಕೆ ಬರುತ್ತೀರಿ ಎಂದು...

“ಇಲ್ಲ ವಾಸಣ್ಣ, ಎಲ್ಲಿದಾನೋ ಪುಣ್ಯಾತ್ಮ” ಎಂದೆ. ನೀವು ನಕ್ಕಿರಿ. ಅವನು ಅಡುಗೆಮನೆಯ ಡ್ರಾಯರಿನಲ್ಲಿದ್ದ.

ಈಚೆಗೆ ಬಸ್ಸಿನ ನಂಬರು ಕಾಣದೆ ನೀವು ಬರುವುದು ನಿಂತಿತು. ಮೊನ್ನೆ ಫೋನಿನಲ್ಲಿ ಹೇಳಿದಿರಿ: “ಇನ್ ಹುಡುಕ್ಬೇಡ ಕಣಯ್ಯಾ. ಕಣ್ಣು ಪೂರ್ತಿ ಹೋಯ್ತು. ಸಿಕ್ಕಿದ್ರೂ ನೋಡಕ್ಕಾಗಲ್ಲ.” ಅಷ್ಟು ಹೇಳಿ, ಊಟ ಆಯ್ತಾ ಎಂದು ನನ್ನನ್ನೇ ವಿಚಾರಿಸಿದಿರಿ. ಕಾರ್ಡು ಇರಲಿ ಬಿಡಲಿ, ನೀವು ಬರುತ್ತಲೇ ಇರುತ್ತಿದ್ದಿರಿ — ಅದು ಆಗ ಹೊಳೆಯಿತು. ನಾಚಿಕೆಯಾಯಿತು. ಈ ಸುಳ್ಳು ಹೊತ್ತು ಹೊತ್ತು ನನಗೂ ಸಾಕಾಗಿದೆ.

ಈ ಭಾನುವಾರ ನಾನೇ ಬರುತ್ತೇನೆ. ಕಾರ್ಡು ನಿಮ್ಮ ಕೈಗಿಡುತ್ತೇನೆ. ನಿಮ್ಮ ಆಲ್ಬಮ್ಮಿನ ಯಾವ ಕಾರ್ಡಿಗೂ ಇಲ್ಲದ ಹರಿಯದ ಚೀಟಿ ಬೆರಳಿಗೆ ಸಿಗುತ್ತದೆ. ಅವನೇ ಎಂದು ನಿಮಗೆ ತಿಳಿಯುತ್ತದೆ. ಯಾವಾಗ ಸಿಕ್ಕಿದ ಎಂದು ಕೇಳುತ್ತೀರಿ. ನಿನ್ನೆ ಎನ್ನುವುದಿಲ್ಲ, ವಾಸಣ್ಣ. ನಿಮಗೆ ಕಣ್ಣಿದ್ದಾಗಲೇ ಸಿಕ್ಕಿದ್ದ ಎಂದು ಹೇಳುತ್ತೇನೆ.