ಬಂದೂಕಿನೊಳಗಿನ ತೊಗಲು

ತಾಂಬಾ ಊರಿನ ಕೆಳಗಿನ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಕಂಬಳಿ ಹೊದ್ದು ಅಂಗಳದ ಗೋಣಿತಟ್ಟಿನ ಮೇಲೆ ಕುಳಿತ ಮಾನಪ್ಪ, ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಛರ್ರಾ ಬಂದೂಕಿನ ನಳಿಗೆ ಮಡಚುವ ಸಂದಿಗೆ ಒಂದು ಎಳೆ ಹತ್ತಿ ಅಂಟಿಸುತ್ತಾನೆ. ಎದುರಿನ ಹಸಿ ಮಣ್ಣಿನ ಗುಡ್ಡೆಗೆ ಗುಂಡು ಬಿಡುತ್ತಾನೆ. ಹತ್ತಿ ಅಲುಗುತ್ತದೆ.

"ಇನ್ನೂ ಗಾಳಿ ಸೋರಾಕತ್ತೈತಿ," ಎಂದು ಬಂದೂಕನ್ನು ಮತ್ತೆ ಬಿಚ್ಚುತ್ತಾನೆ.

ಎದುರಿನ ಕಟ್ಟೆಯ ಮೇಲೆ ಬಡಿಗೇರ ಸೋಮನಿಂಗ ಕುಳಿತಿದ್ದಾನೆ. ದಿನವೂ ಗೋಣಿಯಲ್ಲಿ ಸುತ್ತಿದ ಬಂದೂಕು ತರುವವನು ಇವತ್ತು ಬರಿಗೈಯಲ್ಲಿ ಬಂದಿದ್ದಾನೆ. ಹೇಳಬೇಕಾದ ಮಾತೊಂದಿದೆ.

ಹಿಂಗಾರಿ ಜೋಳದ ತೆನೆ ಹಾಲು ತುಂಬುವ ಹೊತ್ತಿಗೆ ಈ ಸೀಮೆಯ ಹೊಲಗಳಿಗೆ ಗಿಳಿ, ಗುಬ್ಬಿಗಳ ದಂಡು ಇಳಿಯುತ್ತದೆ. ಕವಣೆ ಬೀಸುತ್ತಿದ್ದ ಕಡೆ ಈಗ, ಈ ಎಪ್ಪತ್ತಾರರ ಚಳಿಗಾಲದಲ್ಲಿ, ಉಳ್ಳವರ ಹೆಗಲ ಮೇಲೆ ಸೊಲ್ಲಾಪುರ ಪೇಟೆಯ ಅಗ್ಗದ ಛರ್ರಾ ಬಂದೂಕು ಬಂದಿದೆ. ಒಂದು ಸುಗ್ಗಿ ಕಳೆಯುವಷ್ಟರಲ್ಲಿ ಅದರ ಗುಂಡು ಕೊಳೆತ ಬಾಳೆಹಣ್ಣಿಗೂ ನಾಟುವುದಿಲ್ಲ.

"ಅಗ್ಗದ ಬಂದೂಕಂದ್ರ ಅವಸರದ ಮದಿವಿ ಇದ್ದಂಗ," ಎನ್ನುತ್ತಾನೆ ಮಾನಪ್ಪ. "ಹೊರಗ ಬಾಜಾಬಜಂತ್ರಿ, ಒಳಗ ಬರೇ ಜಗಳ."

ಜಗಳ ಬಿಡಿಸುವುದೇ ಅವನ ಕೆಲಸ. ಬಂದೂಕಿನ ಹೊಟ್ಟೆಯಲ್ಲಿ ಸ್ಪ್ರಿಂಗು ನೂಕುವ ದಂಡದ ತಲೆಗೆ ಬಟ್ಟಲಿನಂಥ ತೊಗಲಿನ ವಾಷರ್ ಇರುತ್ತದೆ. ಅದು ಬಿಗಿಯಾಗಿದ್ದರೆ ಗಾಳಿಯೆಲ್ಲ ಗುಂಡಿನ ಬೆನ್ನಿಗೆ ಬೀಳುತ್ತದೆ, ಸುಕ್ಕಾದರೆ ಸೋರಿಹೋಗುತ್ತದೆ. ಮಾನಪ್ಪ ಎಮ್ಮೆಯ ಬೆನ್ನಿನ ತೊಗಲು ಕತ್ತರಿಸಿ, ಔಡಲೆಣ್ಣೆಯಲ್ಲಿ ನೆನೆಸಿ, ಹಿತ್ತಾಳೆಯ ಬಳೆಯಲ್ಲಿ ಒತ್ತಿ, ಅಂಚು ಹೆರೆದು ಹೊಸ ವಾಷರ್ ಕೂಡಿಸುತ್ತಾನೆ. ಸ್ಪ್ರಿಂಗಿನ ತುದಿ ಕಲ್ಲಿಗೆ ತಿಕ್ಕಿ ನುಣುಪು ಮಾಡುತ್ತಾನೆ. ಗುಂಡು ಬಿಡಲು ಬೆರಳಿಂದ ಎಳೆಯುವ ಕೀಲನ್ನು, ಅಂದರೆ ಕುದುರೆಯನ್ನು, ಮಾತ್ರ ಅಂದಾಜಿನಲ್ಲೇ ಬಿಡುತ್ತಾನೆ. ಅದನ್ನು ಒಡೆಯನ ಬೆರಳಿಗೆ ಹೊಂದಿಸಬೇಕು. ಒಡೆಯರು ಈ ಅಂಗಳಕ್ಕೆ ಎಂದೂ ಬಂದವರಲ್ಲ.

ಮಾನಪ್ಪನ ಅಪ್ಪ ಬಾವಿಯಿಂದ ನೀರೆತ್ತುವ ತೊಗಲಿನ ಬಾನಿ ಹೊಲಿಯುತ್ತಿದ್ದ. ಪಂಪುಸೆಟ್ಟು ಬಂದವು, ಬಾನಿ ಕೇಳುವವರಿಲ್ಲವಾಯಿತು. ಮಗನಿಗೆ ಚಪ್ಪಲಿ ಉಳಿದವು. ಒಮ್ಮೆ ಸೋಮನಿಂಗನ ಸೈಕಲ್ ಪಂಪಿಗೆ ಅವನು ವಾಷರ್ ಹಾಕಿಕೊಟ್ಟಾಗ, "ಇದು ಬಂದೂಕಿಗೂ ಆದೀತೇನೋ?" ಎಂದು ಕೇಳಿದವನು ಸೋಮನಿಂಗನೇ. ಅಂದಿನಿಂದ ಗಿರಾಕಿಗಳು ಊರ ಪೇಟೆಯಲ್ಲಿರುವ ಸೋಮನಿಂಗನ ಬಡಿಗತನದ ಅಂಗಡಿಗೆ ಬಂದೂಕು ಕೊಡುತ್ತಾರೆ. ಸೀಳಿದ ಮರದ ಹಿಡಿಕೆ ಸೋಮನಿಂಗನ ಪಾಲು, ಒಳಗಿನದೆಲ್ಲ ಮಾನಪ್ಪನ ಪಾಲು. ಇಂಡಿ, ಸಿಂದಗಿಯವರೆಗೆ ಹೊಗಳಿಕೆ ಮಾತ್ರ "ಸೋಮನಿಂಗನ ಕೈಗುಣ" ಎಂದೇ. ನಿಜ ಹೇಳಿದರೆ ಗಿರಾಕಿ ತಪ್ಪೀತು ಎನ್ನುವುದು ಸೋಮನಿಂಗ ತನಗೆ ತಾನೇ ಹೇಳಿಕೊಂಡ ನೆವ. ಹೊಗಳಿಕೆ ಸಿಹಿಯಾಗಿತ್ತು.

ಮಾನಪ್ಪನ ಹೆಂಡತಿ ಹನಮವ್ವ ಸುಲಿಯದ ಶೇಂಗಾ ತಂದು ಸೋಮನಿಂಗನ ಪಕ್ಕ ಇಡುತ್ತಾಳೆ. ಮೊದಮೊದಲು ಆಕೆ ಚಹಾ ಕೊಟ್ಟಾಗ ಅವನು, "ಈಗಷ್ಟ ಕುಡದ ಬಂದೇನವ್ವ," ಎಂದಿದ್ದ. ಇನ್ನೊಮ್ಮೆಯೂ ಅದನ್ನೇ ಅಂದಿದ್ದ. ಆಮೇಲೆ ಆಕೆ ಚಹಾದ ಮಾತೇ ಎತ್ತಲಿಲ್ಲ. ಸಿಪ್ಪೆಯೊಳಗಿನ ಶೇಂಗಾಕ್ಕೆ ಯಾರ ಮನೆಯ ಮೈಲಿಗೆಯೂ ತಟ್ಟುವುದಿಲ್ಲ. ಬೇಡವೆನ್ನುವ ಪ್ರಸಂಗವನ್ನೇ ಅವನಿಗೆ ತಂದಿಡದ ಆ ಒಳ್ಳೆಯತನ, ಬೈಗುಳಕ್ಕಿಂತ ಹೆಚ್ಚು ಅವನನ್ನು ಕುಗ್ಗಿಸುತ್ತದೆ.

ಕೊನೆಗೂ ಸೋಮನಿಂಗ ನಿನ್ನೆಯ ಸಂಗತಿ ಹೇಳುತ್ತಾನೆ. ಹೂವಿನ ಹಿಪ್ಪರಗಿಯ ಸಾಹುಕಾರ ಬಸಂತರಾಯರು ಕೆಟ್ಟ ಬಂದೂಕು ಹಿಡಿದು ಅಂಗಡಿಗೆ ಬಂದು, "ನನ್ನ ಮುಂದ ಬಿಚ್ಚೋ. ನಿನ್ನ ಕೈಚಳಕ ಕಣ್ತುಂಬ ನೋಡೂಣು," ಎಂದು ಕುಳಿತೇಬಿಟ್ಟರು. ಜನ ಕೂಡಿದರು. ಕೈಯಲ್ಲಿ ತಿರುಪುಳಿ ಹಿಡಿದ ಸೋಮನಿಂಗನಿಗೆ ಎಲ್ಲಿಂದ ಬಿಚ್ಚಬೇಕೆಂಬುದೇ ಗೊತ್ತಿರಲಿಲ್ಲ. "ಇದು ನನ್ನ ಕೆಲಸಲ್ರೀ. ಮೊದಲಿಂದನೂ ಮಾನಪ್ಪನ ಕೆಲಸ," ಎಂದ. "ಅಂವಾ ಬೆವರ ಸುರಸ್ಯಾನ, ನೀ ಮೀಸಿ ತಿರುವಿದಿ!" ಎಂದು ಯಾರೋ ನಕ್ಕರು. ಬಸಂತರಾಯರು ನಗಲಿಲ್ಲ. "ನಾಳೆ ಮುಂಜಾನೆ ಓಣಿ ಬಾಯಾಗ ನಿಂದರ್ತೇನಿ. ಬಂದು ಇಸ್ಕೋ ಅನ್ನು ಅವಂಗ," ಎಂದು ಎದ್ದುಹೋದರು.

"ಇಷ್ಟ ದಿನ ನಿನ್ನ ಹೆಸರ ಹೇಳಲಿಲ್ಲ, ಮಾನಪ್ಪ," ಎನ್ನುತ್ತಾನೆ ಸೋಮನಿಂಗ.

"ಗೊತ್ತೈತೆಣ್ಣಾ. ಹ್ವಾದ ಸಂತಿಯಾಗ ಒಬ್ಬಾಂವ ನನ್ನ ಮುಂದನ ನಿನ್ನ ಹೊಗಳಿದ. ಅವನ ಚಪ್ಪಲಿ ಹೊಲಿಯಾಕತ್ತಿದ್ನಿ."

"ನೀ ಏನಂದಿ?"

"ಹೌದ್ರಿ, ಛಲೋ ಕೈ ಐತಿ ಅಂದ್ನಿ."



ಅಷ್ಟರಲ್ಲಿ ಓಣಿಯ ಬಾಯಲ್ಲಿ ಮೋಟರ್‌ಸೈಕಲ್ಲಿನ ಹಾರ್ನು ಕೇಳುತ್ತದೆ. ಹನಮವ್ವ ಗಾಬರಿಯಾಗಿ ಗಂಡನಿಗೆ, "ಹೋಗಿ ಇಸ್ಕೊಂಡ ಬರ್ರಿ. ಸಾವ್ಕಾರ್ರು ಸಿಟ್ಟಾದ್ರ ಇನ್ನ ಯಾರೂ ಬಂದೂಕ ಕೊಡಂಗಿಲ್ಲ," ಎನ್ನುತ್ತಾಳೆ. ಅವಳ ಮಾತು ಸುಳ್ಳಲ್ಲ. ಚಪ್ಪಲಿಯೊಂದರಿಂದಲೇ ಆ ಮನೆ ನಡೆಯದು.

"ನಾ ತರ್ತೇನಿ ತಡಿ," ಎಂದು ಸೋಮನಿಂಗ ಏಳುತ್ತಾನೆ.

"ಕುಂದ್ರಣ್ಣಾ. ಕುದುರಿ ಅವರ ಬೆರಳಿಗೆ ಹೊಂದಸಬೇಕು. ಬಂದೂಕ ತರ್ತಿ, ಬೆರಳ ಹೆಂಗ ತರ್ತಿ?"

ಹಾರ್ನು ಮತ್ತೆ ಕೂಗಿ ಸುಮ್ಮನಾಗುತ್ತದೆ. ಮಾನಪ್ಪ ಏಳದೆ ತೊಗಲು ಹೆರೆಯುತ್ತಲೇ ಇರುತ್ತಾನೆ. ಬಹಳ ಹೊತ್ತಿನ ಮೇಲೆ ಕಾಲುಜೋಡಿನ ಸಪ್ಪಳ. ಬಸಂತರಾಯರು ಅಂಗಳದ ಅಂಚಿಗೆ ಬಂದು, ಯಾರನ್ನೂ ನೋಡದೆ, ಬಂದೂಕನ್ನು ನೆಲಕ್ಕಿಡಲು ಬಾಗುತ್ತಾರೆ.

"ನೆಲಕ್ಕ ಇಡಬ್ಯಾಡ್ರೀ, ಸಾವ್ಕಾರ್ರ. ಮಣ್ಣ ಹೊಕ್ಕರ ವಾಷರ್ ಹರಿತೈತಿ. ಕೈಯಾಗ ಕೊಡ್ರಿ."

ಮಾನಪ್ಪನ ಎರಡೂ ಕೈ ಮುಂದೆ ಚಾಚಿವೆ. ಬಾಗಿದವರು ಬಾಗಿದಂತೆಯೇ ನಿಲ್ಲುತ್ತಾರೆ. ಆ ಗಳಿಗೆಯಲ್ಲಿ ಸೋಮನಿಂಗನಿಗೆ ಹೊಳೆಯುತ್ತದೆ: ಇಷ್ಟು ವರ್ಷ ತಾನೂ ಬಂದೂಕನ್ನು ನೆಲಕ್ಕೇ ಇಟ್ಟವನು. ತನಗೆ ಮಾನಪ್ಪ ಒಮ್ಮೆಯೂ ಮಣ್ಣಿನ ಮಾತು ಆಡಿಲ್ಲ. ಗೆಳೆಯನೆಂದು ಬಿಟ್ಟನೋ, ಹೇಳಿ ಫಲವಿಲ್ಲವೆಂದು ಬಿಟ್ಟನೋ, ಕೇಳುವ ಮುಖ ಅವನಿಗೆ ಉಳಿದಿಲ್ಲ.

ಬಸಂತರಾಯರು ನೆಟ್ಟಗಾಗುತ್ತಾರೆ. ಬಂದೂಕು ಕೈಯಿಂದ ಕೈಗೆ ಹೋಗುತ್ತದೆ.

ಮಾನಪ್ಪ ಮೂಸಿ ನೋಡುತ್ತಾನೆ. "ಕುಸುಬಿ ಎಣ್ಣಿ ಹಾಕೀರಲ್ರೀ?"

"ಮನ್ಯಾಗ ಅದೇ ಇತ್ತಪಾ."

"ಅದು ಒಗ್ಗರಣಿಗೆ ಛಲೋ ರೀ. ಇದರಾಗ ಗೋಂದ ಆಗಿ ಕುಂದರ್ತೈತಿ."

ಸಾಹುಕಾರರ ಮುಖದಲ್ಲಿ ನಗೆಯೊಂದು ತಪ್ಪಿಸಿಕೊಂಡು ಬರುತ್ತದೆ. ಬಿಸಿಲು ಅಂಗಳಕ್ಕೆ ಇಳಿಯುವ ತನಕ ಅವರು ನಿಂತೇ ನೋಡುತ್ತಾರೆ. ಕೊನೆಗೆ ಕುದುರೆಯ ಸರದಿ. "ಎಳೀರಿ... ಭಾರ ಆತೇನ್ರಿ?" "ಒಂಚೂರು." ಮಾನಪ್ಪ ಅರದಿಂದ ಎರಡು ಸಲ ತೀಡಿ ಮತ್ತೆ ಕೊಡುತ್ತಾನೆ. "ಈಗ?" "ಈಗ ಬರೋಬ್ಬರಿ."

ಹೊರಡುವಾಗ ಬಸಂತರಾಯರು ಸೋಮನಿಂಗನ ಕಡೆ ಒಮ್ಮೆ ನೋಡಿ ಕೇಳುತ್ತಾರೆ: "ಮತ್ತ ಕೆಟ್ರ ಯಾರ ಕೈಲೆ ಕಳಸಲಿ?"

ಮಾನಪ್ಪ ಎಣ್ಣೆಗೈ ಒರೆಸಿಕೊಳ್ಳುತ್ತಾನೆ.

"ಕಳಸೂದ್ಯಾಕ್ರೀ? ಈಗ ದಾರಿ ಗೊತ್ತಾತಲ್ರೀ."